ಶಾಮಿಯಾನ ಸಿದ್ದಯ್ಯ ಮನೆಯ ಫೋಟೋ ತೆಗೆದದ್ದು

ಹಾರನಹಳ್ಳಿಯ ಸಿದ್ದಯ್ಯನಿಗೆ ಮುಚ್ಚುವುದೇ ಕಸುಬು. ಮದುವೆಯಿರಲಿ, ತಿಥಿಯಿರಲಿ, ಬಟ್ಟೆ, ಗಳ, ಹಗ್ಗ, ಕುರ್ಚಿ ತುಂಬಿಕೊಂಡು ಅವನ ಟೆಂಪೊ ಬಂದು ನಿಂತರೆ ಸುತ್ತಲಿನವರಿಗೆ ಒಂದು ಧೈರ್ಯ. ಸುಣ್ಣ ಉದುರಿದ ಗೋಡೆಯ ಮುಂದೆ ಕೆಂಪು ಬಟ್ಟೆ ಇಳಿಬಿಟ್ಟು, ಅದರ ಮೇಲೆ ಬಿಳಿಯ ನಿರಿಗೆ ಹಿಡಿದು, ನಡುವೆ ಥರ್ಮೋಕೋಲಿನ ನವಿಲೊಂದನ್ನು ಸಿಕ್ಕಿಸಿದನೆಂದರೆ ತಿಪ್ಪೆಯ ಪಕ್ಕದ ಜಾಗವೂ ಅರಮನೆಯ ಮೊಗಸಾಲೆಯಾಗುತ್ತಿತ್ತು. ಒಮ್ಮೆ ಹೊಗೆಸೊಪ್ಪು ಬೇಯಿಸುವ ಎತ್ತರದ ಬ್ಯಾರನ್ ಕಟ್ಟಡದ ಮಗ್ಗುಲಲ್ಲೇ ಚಪ್ಪರ ಹಾಕಬೇಕಾಗಿ ಬಂತು. ಆ ಬ್ಯಾರನ್ನನ್ನು ಅವನು ಎಷ್ಟು ಚೆನ್ನಾಗಿ ಮುಚ್ಚಿದ್ದನೆಂದರೆ ಗಂಡಿನ ಕಡೆಯ ಮುದುಕಿಯೊಬ್ಬಳು ಗುಡಿಯೆಂದುಕೊಂಡು ಚಪ್ಪಲಿ ಬಿಟ್ಟು ಪ್ರದಕ್ಷಿಣೆ ಬಂದಳು. ಅದನ್ನು ಹೇಳುವಾಗ ಸಿದ್ದಯ್ಯನ ಎದೆ ಇಂದಿಗೂ ಒಂದು ಅಂಗುಲ ಮುಂದೆ ಬರುತ್ತದೆ.

ಅವನ ಮನೆಯಿದ್ದದ್ದು ಊರೊಳಗಿನ ಇಕ್ಕಟ್ಟು ಗಲ್ಲಿಯಲ್ಲಿ. ಟೆಂಪೊ ಒಳಗೆ ಬರುತ್ತಿರಲಿಲ್ಲ. ಗಳ, ಕುರ್ಚಿಗಳನ್ನೆಲ್ಲ ಹೆಗಲ ಮೇಲೆ ಹೊತ್ತು ಸಾಗಿಸಬೇಕು, ದಾರಿಯಲ್ಲಿ ಒಂದಿಬ್ಬರ ಕಿಟಕಿ ಗಾಜಿಗೆ ಗಳ ತಗುಲಬೇಕು, ಅವರ ಜೊತೆ ಜಗಳವಾಗಬೇಕು. ಕೊನೆಗೆ ದೊಡ್ಡ ರಸ್ತೆಯ ಪಕ್ಕ ಗೋಡೌನು ಕಟ್ಟಿ, ಅದರ ಮೇಲೆ ವಾಸಕ್ಕೆ ಎರಡು ಕೋಣೆ ಎಬ್ಬಿಸಿಕೊಂಡ ಮೇಲೆ ಹಳೆಯ ಮನೆಯನ್ನು ಮಾರುವುದೆಂದು ಗಂಡಹೆಂಡಿರಲ್ಲಿ ತೀರ್ಮಾನವಾಯಿತು.

ಮೊದಲು ದಲ್ಲಾಳಿ ಚಿಕ್ಕಣ್ಣನಿಗೆ ಒಪ್ಪಿಸಿದರು. ಚಿಕ್ಕಣ್ಣ ಕರೆತಂದವರೆಲ್ಲ ಕಾಫಿ ಕುಡಿದು ಹೋದರು. ಅದೂ ಸಾಲದೆ ಚಿಕ್ಕಣ್ಣನೇ ಬಂದವರ ಎದುರು ನಿಂತು, "ವಾಸ್ತು ಪರ್ಕಾರ ಬಚ್ಚಲು ವಸಿ ಮೂಲೆ ತಪ್ಪೈತೆ ಕಣ್ರೀ, ಬುಡಿ, ಒಡೆಸ್ಕಂಡ್ರಾಯ್ತು" ಎಂದು ಹೇಳಿಬಿಡುವನು. ಸಿದ್ದಯ್ಯನ ಹೆಂಡತಿ ರಾಮಮ್ಮ ರೇಗಿದಳು. "ನಮ್ ಮನೆ ಬಚ್ಚಲು ಇವ್ನಿಗೇನ್ ಮಾಡಿತ್ತು? ನಾವೇ ಮಾರ್ಕಳಾನ. ಫೋನಲ್ಲಿ ಫೋಟೋ ಹಾಕುದ್ರೆ ಎಮ್ಮೆ ಮಾರೋಯ್ತವಂತೆ, ಮನೆ ಮಾರೋಗಾಕಿಲ್ವಾ?"

ಸಿದ್ದಯ್ಯನಿಗೆ ಮಾತು ಹಿಡಿಸಿತು. ಆದರೆ ಫೋಟೋ ಎಂದಕೂಡಲೇ ಅವನ ಕೈ ತಾನಾಗಿಯೇ ಬಟ್ಟೆಯ ಗಂಟಿನ ಕಡೆ ಹೋಯಿತು. ಇದ್ದದ್ದು ಇದ್ದ ಹಾಗೆ ತೋರಿಸುವುದೆಂದರೆ ಅವನಿಗೆ ಬನಿಯನ್ನಿನಲ್ಲಿ ಬೀಗರ ಮನೆಗೆ ಹೋದಷ್ಟು ಸಂಕೋಚ. ಹಜಾರದ ಗೋಡೆಯಲ್ಲಿ ಒಂದು ಬಿರುಕಿತ್ತು, ಅಲ್ಲಿಗೆ ಕೆಂಪು ಬಟ್ಟೆ. ಅಡುಗೆಮನೆಯ ಮಸಿಗೆ ಹಳದಿ ಪರದೆ. ಬಚ್ಚಲಿಗೆ ಬಿಳಿಯ ನಿರಿಗೆ, ನೀಲಿ ಸೀರಿಯಲ್ ಲೈಟಿನ ಸರ. ಹಿತ್ತಲಿನ ಕೋಳಿಗೂಡಿನ ಮುಂದೆ 'ಸುಸ್ವಾಗತ' ಎಂಬ ಕಮಾನು ನಿಲ್ಲಿಸಿದ. ರಾಮಮ್ಮ ಸಾರು ಇಳಿಸಲು ಅಡುಗೆಮನೆಯ ಬಾಗಿಲು ಹುಡುಕಿ ಹುಡುಕಿ ಸಾಕಾದಳು.

"ಬಾಗ್ಲು ಎಲ್ ಮಡಗಿದ್ದೀಯ?"

"ಎಡಕ್ಕೆ ಬಾ. ನವಿಲು ಸಿಗ್ತದೆ. ಅದರ ಬಾಲದ ಇಂದೇನೆ."

ಫೋಟೋಗಳು ಝಗಝಗ ಎಂದವು. 'ಮಾರಾಟಕ್ಕಿದೆ' ಎಂಬ ಒಕ್ಕಣೆ ಜೊತೆಗೆ ಊರಿನ ವಾಟ್ಸಪ್ ಗುಂಪುಗಳಿಗೆಲ್ಲ ಕಳಿಸಿದ. ಅವು ಒಬ್ಬರಿಂದ ಒಬ್ಬರಿಗೆ ಹೋಗುತ್ತಾ ಹೋಗುತ್ತಾ ಒಕ್ಕಣೆ ಎಲ್ಲೋ ಕಳಚಿಕೊಂಡು, ಬರೀ ಫೋಟೋ ಮತ್ತು ಫೋನ್ ನಂಬರು ಉಳಿದವು. ಮಾರನೆಯ ದಿನದಿಂದಲೇ ಫೋನುಗಳು ಬರತೊಡಗಿದವು. ಊಟದ ಹಾಲ್ ಬೇರೆಯೋ ಛತ್ರದ ಜೊತೆಗೇ ಇದೆಯೋ ಎಂದು ಒಬ್ಬ ಕೇಳಿದ. ಆಷಾಢ ಕಳೆದ ಮೇಲೆ ಖಾಲಿ ಇದೆಯೇ ಎಂದು ಇನ್ನೊಬ್ಬ. ಪೌರಾಣಿಕ ನಾಟಕ ಆಡುವವರೊಬ್ಬರು ರಂಗದ ಎತ್ತರ ಕೇಳಿದರು. ಸಿದ್ದಯ್ಯ ಎಲ್ಲರಿಗೂ, "ನೀವೇ ಬಂದು ನೋಡ್ಬುಡಿ" ಎಂದ.

ಹಾಗೆ ನೋಡಲು ಬಂದವರೇ ಭೇರ್ಯದ ಕಡೆಯ ಸಣ್ಣಬೀರಯ್ಯನವರು, ಎರಡು ಕಾರು, ಒಂದು ಆಟೋ ತುಂಬ ನೆಂಟರೊಡನೆ. ಅವರ ಮಗಳ ನಿಶ್ಚಿತಾರ್ಥಕ್ಕೆ ಛತ್ರ ಬೇಕಾಗಿತ್ತು. ಹೆಣ್ಣಿನ ಕಡೆ, ಗಂಡಿನ ಕಡೆ ಎರಡೂ ಬಂದಿದ್ದವು. ಗಲ್ಲಿಯಲ್ಲಿ ಒಬ್ಬರ ಹಿಂದೊಬ್ಬರು ಸಾಲಾಗಿ ನಡೆದು ಬಂದು, ಹಜಾರದಲ್ಲಿ ಭುಜಕ್ಕೆ ಭುಜ ಒತ್ತಿ ನಿಂತರು. ಉಳಿದವರು ಬೀದಿಯಲ್ಲೇ ನಿಂತು ಕಿಟಕಿಯಿಂದ ಇಣುಕಿದರು.

"ಸ್ಟೇಜ್ ಎಲ್ಲೈತೆ?" ಸಣ್ಣಬೀರಯ್ಯನವರು ಕೇಳಿದರು.

"ಯಾವ ಸ್ಟೇಜು?"

"ನೀಲಿ ಲೈಟ್ ಆಕಿದ್ರಲ್ಲ, ಬಿಳೀ ಪರದೆ ಬುಟ್ಟು, ಅದು. ಉಡುಗಿ ಅಲ್ಲೇ ಕೂರ್ಬೇಕು ಅಂತಾ ಅವ್ಳೆ."

ಕಸುಬಿನ ಮರ್ಯಾದೆ ಬಿಡಲೂ ಆಗದೆ, ಸುಳ್ಳು ಹೇಳಲೂ ಆಗದೆ ಸಿದ್ದಯ್ಯ ನವಿಲಿನ ಬಾಲ ನೆಟ್ಟಗೆ ಮಾಡತೊಡಗಿದ. ರಾಮಮ್ಮನೇ ಮುಂದೆ ಬಂದು ಹೇಳಿದಳು: "ಅದು ಬಚ್ಚಲು ಕಣಣ್ಣ."

ಹುಡುಗಿಯೇ ಮೊದಲು ನಕ್ಕಳು. ಅವಳ ಹಿಂದೆ ಹುಡುಗ ನಕ್ಕ, ಬೀಗರು ನಕ್ಕರು, ಕಿಟಕಿಯಲ್ಲಿದ್ದವರಿಗೆ ವಿಷಯ ನಿಧಾನವಾಗಿ ತಲುಪಿ ಅವರೂ ನಕ್ಕರು. ಅಷ್ಟೂ ಮಂದಿಗೆ ಕಾಫಿಯಾಯಿತು. ಹೋಗುವಾಗ ಸಣ್ಣಬೀರಯ್ಯನವರು ಅಲಂಕಾರದ ಕೆಲಸವನ್ನು ಸಿದ್ದಯ್ಯನಿಗೇ ವಹಿಸಿ ಹೋದರು. ಕೆಲಸ ಬಂತು. ಮನೆ ಮಾತ್ರ ಹಾಗೇ ಉಳಿಯಿತು.

ಹುಣಸೂರಿನ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು ಅನು ಭಾನುವಾರ ಬಂದವಳು ಫೋಟೋಗಳನ್ನು ನೋಡಿ, "ಅಪ್ಪ, ಇದ್ರಲ್ಲಿ ಮನೆ ಎಲ್ಲೈತೆ?" ಎಂದಳು. ಬಟ್ಟೆಯೆಲ್ಲ ಇಳಿಸಬೇಕೆಂದು ಹಟ ಹಿಡಿದಳು. ಕಿಟಕಿಗಳನ್ನು ತೆರೆಸಿದಳು. ಕ್ಯಾಲೆಂಡರು, ಕೊಡೆ, ನೇತಾಡುವ ಚೀಲಗಳನ್ನು ತೆಗೆಸಿ, ನೆಲ ಒರೆಸಿ, ಬೆಳಗಿನ ಬಿಸಿಲು ಹಜಾರಕ್ಕೆ ಬೀಳುವವರೆಗೆ ಕಾದಳು. ಮೂಲೆಯಲ್ಲಿ ಬೆನ್ನು ಒತ್ತಿ ನಿಂತು, ಫೋನನ್ನು ಎದೆಮಟ್ಟಕ್ಕೆ ನೆಟ್ಟಗೆ ಹಿಡಿದು ತೆಗೆದಳು. ಬಿರುಕನ್ನೂ ಬಿಡಲಿಲ್ಲ.

"ಅದ್ಯಾಕವ್ವ? ಬಂದೋರ್ಗೆ ಗೊತ್ತಾಯ್ತದಲ್ಲ," ಸಿದ್ದಯ್ಯ ಗೋಗರೆದ.

"ಬಂದ್ಮೇಲೆ ಎಂಗೂ ಗೊತ್ತಾಯ್ತದೆ. ಬರೋಕ್ ಮುಂಚೆ ಗೊತ್ತಾಗ್ಲಿ ಬುಡು."

ಬಟ್ಟೆ ಇಳಿಸಿ ಇಳಿಸಿ ಸಿದ್ದಯ್ಯನ ಅಂಗಿ ಬೆವರಲ್ಲಿ ತೊಯ್ದುಹೋಗಿತ್ತು. ಅದನ್ನು ಬಿಚ್ಚಿ ಹಾಕಿ ಬನಿಯನ್, ಪಟ್ಟೆಪಟ್ಟೆ ಚಡ್ಡಿಯಲ್ಲಿ ಜಗಲಿಯ ಮೇಲೆ ಕುಳಿತ. ಅಲ್ಲಿಂದ ಬರಿಗೋಡೆಯ ಮಲಗುವ ಕೋಣೆ ಕಾಣುತ್ತಿತ್ತು. ಒಂದೇ ಒಂದು ನವಿಲು ಇದ್ದರೆ ಏನು ಹೋಯಿತು ಎಂದುಕೊಂಡು, ನವಿಲನ್ನು ಅವಚಿಕೊಂಡು, ಆ ಕೋಣೆಯ ಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದ ಮಗಳ ಬೆನ್ನ ಹಿಂದೆ ತುದಿಗಾಲಲ್ಲಿ ಬಂದ. ನವಿಲನ್ನು ಸಿಕ್ಕಿಸುವ ಮೊದಲೇ ಅವಳು ಫೋಟೋ ತೆಗೆದುಬಿಟ್ಟಳು. ಮಗಳಿಗೆ ಕಾಣದಂತೆ ಹಾಗೇ ಹಿಂದಕ್ಕೆ ಹೊರಟುಹೋದ. ಎದುರಿಗಿದ್ದ ಬೀರುವಿನ ಕನ್ನಡಿಯ ಯೋಚನೆ ಇಬ್ಬರಿಗೂ ಬರಲಿಲ್ಲ.

ಈ ಸಲ ಫೋಟೋಗಳು ಗುಂಪಿನಿಂದ ಗುಂಪಿಗೆ ಇನ್ನೂ ಜೋರಾಗಿ ಓಡಿದವು. ಎಚ್.ಡಿ. ಕೋಟೆ, ಕೆ.ಆರ್. ನಗರಗಳಿಂದಲೂ ಫೋನು ಬಂತು. ಕೆಲವರು ಸುಮ್ಮನೆ ನಕ್ಕು ಇಟ್ಟುಬಿಡುತ್ತಿದ್ದರು. ಯಾಕೆಂದು ಸಿದ್ದಯ್ಯನಿಗೆ ತಿಳಿಯಲಿಲ್ಲ. ಅದನ್ನು ತಿಳಿಸಿದವರು ಯಶೋದಮ್ಮ ಮೇಡಂ. ಅಂತರಸಂತೆಯ ಕಡೆಯಿಂದ ಹಾರನಹಳ್ಳಿಯ ಶಾಲೆಗೆ ವರ್ಗವಾಗಿ ಬಂದವರು. ನಡೆದುಕೊಂಡೇ ಬಂದರು, ನೇರ ಹಜಾರದ ಬಿರುಕಿನ ಹತ್ತಿರ ಹೋಗಿ ಕೈಯಾಡಿಸಿ ನೋಡಿದರು.

"ಫೋಟೋದಲ್ಲಿ ಎಷ್ಟಿತ್ತೋ ಅಷ್ಟೇ ಇದೆ," ಎಂದರು.

"ಬೆಳೆದಿಲ್ಲ ಮೇಡಂ, ನಮ್ಮಪ್ಪನ ಕಾಲ್ದಿಂದ್ಲೂ ಅಷ್ಟೇಯ," ಎಂದ ಸಿದ್ದಯ್ಯ, ಮಗುವಿನ ಬಗ್ಗೆ ಹೇಳುವವನ ಹಾಗೆ.

ಬಚ್ಚಲು, ಅಡುಗೆಮನೆ, ಹಿತ್ತಲು ಎಲ್ಲ ನೋಡಿದ ಮೇಲೆ ಮೇಡಂ ಫೋನು ತೆಗೆದು ಒಂದು ಫೋಟೋವನ್ನು ಹಿಗ್ಗಿಸಿ ಹಿಡಿದರು. ಬೀರುವಿನ ಕನ್ನಡಿಯೊಳಗೆ ಪಟ್ಟೆ ಚಡ್ಡಿಯವನೊಬ್ಬ ನವಿಲನ್ನು ಎದೆಗವಚಿಕೊಂಡು, ಕಳ್ಳನ ಹಾಗೆ ಒಂದು ಕಾಲೆತ್ತಿ ನಿಂತಿದ್ದ.

"ಇವರು ಮನೆ ಜೊತೆಗೇ ಬರ್ತಾರಾ ಅಂತ ಕೇಳೋಣಾಂತಿದ್ದೆ."

ಸಿದ್ದಯ್ಯನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ರಾಮಮ್ಮ ಸೆರಗು ಬಾಯಿಗಿಟ್ಟುಕೊಂಡು ಹೇಳಿದಳು: "ಬೇಕಾದ್ರೆ ಇಟ್ಕಳಿ ಮೇಡಂ. ನಾನು ಅಡ್ಡಿ ಮಾಡಾಕಿಲ್ಲ."

ಮೇಡಂಗೆ ಅವನು ಬೇಡವಾಗಿದ್ದ, ಮನೆ ಬೇಕಾಗಿತ್ತು. ಶಾಲೆಗೆ ಹತ್ತಿರ, ಬೆಳಕು ಚೆನ್ನಾಗಿದೆ, ಏನಿದೆ ಏನಿಲ್ಲ ಎಂದು ಬರುವ ಮೊದಲೇ ಗೊತ್ತಿತ್ತು ಎಂದರು. ಮಾತು ಅಲ್ಲೇ ಮುಗಿಯಿತು.

ನೋಂದಣಿಗೆಂದು ಎಲ್ಲರೂ ಪಿರಿಯಾಪಟ್ಟಣಕ್ಕೆ ಹೋದರು. ಅಲ್ಲಿ ಕೊಂಡವರದ್ದೂ ಮಾರಿದವರದ್ದೂ ಫೋಟೋ ಹಿಡಿಯುತ್ತಾರೆ. ಯಶೋದಮ್ಮನವರದು ಒಂದೇ ಸಲಕ್ಕೆ ಆಯಿತು. ಸಿದ್ದಯ್ಯ ಕೂತ, ಕ್ಯಾಮೆರಾ ನೋಡಿದ, ಕಣ್ಣು ಮುಚ್ಚಿದ. ಮತ್ತೆ ಹಿಡಿದರೆ ಮತ್ತೆ ಮುಚ್ಚಿದ. ಬಿಟ್ಟುಕೊಂಡೇ ಇರುತ್ತೇನೆಂದು ಹಟಕ್ಕೆ ಬಿದ್ದು ಕಣ್ಣರಳಿಸಿದಾಗ ಎರಡರಲ್ಲೂ ನೀರು ಸುರಿಯಿತು.

"ಯಜಮಾನ್ರೇ, ಮನೆ ಮಾರಿದ್ದಕ್ಕೆ ಅಳ್ತಿದ್ದೀರಾ?" ಎಂದ ಕಂಪ್ಯೂಟರಿನ ಮುಂದಿದ್ದವನು, ಕೊಂಚ ಮೆದುವಾಗಿ.

"ಇಲ್ಲ ಕಣಪ್ಪ, ರೆಪ್ಪೆ ಬಡೀದಂಗೆ ಇಡ್ಕಂಡಿವ್ನಿ. ಮನೆ ಫೋಟೋನೇ ವಾಸಿ, ಅದಕ್ಕೆ ಕಣ್ಣಿಲ್ಲ. ಬೇಗ ತೆಗಿ."

ಅವನು ತೆಗೆದ. ಕ್ರಯಪತ್ರದಲ್ಲಿ ಇಂದಿಗೂ ಸಿದ್ದಯ್ಯ ಗುಮ್ಮನನ್ನು ಕಂಡವನ ಹಾಗೆ ಕಣ್ಣು ಬಿಟ್ಟುಕೊಂಡು ಕೂತಿದ್ದಾನೆ. ಹೊರಗೆ ಬಂದು ಎಲ್ಲರೂ ಮಸಾಲೆ ದೋಸೆ ತಿಂದರು. ಮೇಡಂ ಸಂಜೆಯ ತರಗತಿಯಿದೆಯೆಂದು ಮೊದಲು ಸಿಕ್ಕ ಬಸ್ಸು ಹತ್ತಿದರು. ಗಂಡಹೆಂಡಿರು ಗೋಡೌನಿಗೆ ಒಂದು ಬೀಗ ಕೊಂಡುಕೊಂಡು, ನಿಧಾನವಾಗಿ ಬಸ್ ನಿಲ್ದಾಣದ ಕಡೆ ನಡೆದರು.