ಮರ್ವ್ ಡಂಕ್ಲಿಯ ತುಂಬುತೋಳಿನ ಅಂಗಿ

ನಲವತ್ತು ವರ್ಷ ಕುರಿಗಳ ಉಣ್ಣೆ ಕತ್ತರಿಸಿ ಈಗ ಮನೆ ಹಿಡಿದಿರುವ ಮರ್ವ್ ಡಂಕ್ಲಿ, ನೆತ್ತಿ ಸುಡುವ ಬಿಸಿಲಿನಲ್ಲೂ ತುಂಬುತೋಳಿನ ಅಂಗಿಯ ಒಂದು ಗುಂಡಿಯನ್ನೂ ಬಿಚ್ಚಿದವನಲ್ಲ. ಆಸ್ಟ್ರೇಲಿಯಾದ ಡಾರ್ಲಿಂಗ್ ನದಿಗೆ ಈಜಲು ಇಳಿದರೂ ಅಂಗಿ ಮೈಮೇಲೆಯೇ. ಸೋರಿಯಾಸಿಸ್ ಚರ್ಮರೋಗದ ಕೆಂಪು ಹೊಪ್ಪಳೆ ಯಾರ ಕಣ್ಣಿಗೂ ಬೀಳಬಾರದು. ಪಬ್ಬಿನಲ್ಲಿ ಗೆಳೆಯರು ಕೆಣಕಿದರೆ, “ಲಕ್ಷ ಕುರಿಗಳ ಅಂಗಿ ಬಿಚ್ಚಿಸ್ದೋನು ಕಣ್ರೋ ನಾನು, ನನ್ನ ಅಂಗಿ ಬಿಚ್ಚಿಸೋರು ಇನ್ನೂ ಹುಟ್ಟಿಲ್ಲ” ಎನ್ನುತ್ತಾನೆ. ಸಂಜೆ ಉಣ್ಣೆಯ ಜಿಡ್ಡಿನ ಮುಲಾಮನ್ನು ಕೈಕಾಲಿಗೆಲ್ಲ ಬಳಿದುಕೊಳ್ಳುತ್ತಾನೆ. ಬೆನ್ನಿನ ನಡುವಿಗೆ ಮಾತ್ರ ಕೈ ಎಟುಕದು. ಅಲ್ಲಿಗೆ ಹಚ್ಚುತ್ತಿದ್ದವಳು ಹೆಂಡತಿ ಬೆರಿಲ್. ಅವಳು ತೀರಿಕೊಂಡ ಈ ಆರು ವರ್ಷದಿಂದ ಬಾಗಿಲ ಚೌಕಟ್ಟಿಗೇ ಮುಲಾಮು ಮೆತ್ತಿ, ಕುರಿಯ ಹಾಗೆ ಬೆನ್ನುಜ್ಜಿಕೊಳ್ಳುತ್ತಾನೆ. ತಿಂಗಳಿಗೊಮ್ಮೆ ವ್ಯಾನಿನಲ್ಲಿ ಬರುವ ನರ್ಸ್ ಟೆಗನ್ ಬಿಪಿ ನೋಡುವುದೂ ಅಂಗಿಯ ಮೇಲಿಂದಲೇ. ಈ ಸಲ ಅವಳು ಬಿಡಲಿಲ್ಲ. “ಅಜ್ಜಾ, ಈ ಉರಿ ಬರೀ ಚರ್ಮದ್ದಲ್ಲ. ಇದಿರೋರಿಗೆ ಹೃದಯದ ಕಾಯಿಲೆ, ಲಕ್ವ ಬರೋದು ಜಾಸ್ತಿ. ಬಿಚ್ಚಿ ಅಂಗಿ!” ಮರ್ವ್ ಗೊಣಗುತ್ತ ಬಿಚ್ಚಿದ. ಅವಳು ಒಂದು ಅಂಗೈಯನ್ನು ಅವನ ಬೆನ್ನಿಗೆ ಆನಿಸಿ, ಸ್ಟೆತೊಸ್ಕೋಪ್ ಇಟ್ಟು ಆಲಿಸಿ, “ಸದ್ಯ, ಸರಿಯಾಗಿದೆ. ಹಾಕ್ಕೊಳ್ಳಿ” ಎಂದಳು. ಮರ್ವ್ ತಿರುಗಲಿಲ್ಲ. “ಇನ್ನೊಂದ್ ಸಲ ಇಟ್ಟು ಕೇಳಮ್ಮ,” ಎಂದ, “ಅವಸರ ಏನಿಲ್ಲ.”