ಹೆಸರು ಬರೆಯದ ಚೀಟಿ

ಮೂಡಬಿದ್ರೆಯ ನಮ್ಮ ಹೈಸ್ಕೂಲಿಗೆ ಘಟ್ಟದ ಮೇಲಿನಿಂದ ಬಂದ ಡ್ರಾಯಿಂಗ್ ಮಾಸ್ಟ್ರ ತಲೆಯಲ್ಲಿ ಒಂದೇ ಹುಳ: ಹೆಸರು ಮೊದಲೋ, ವಸ್ತು ಮೊದಲೋ? ನಮಗೆ ಪರೀಕ್ಷೆ ಮೊದಲೋ ರಜೆ ಮೊದಲೋ ಎಂಬುದೇ ಚಿಂತೆ. ಆದರೂ ಅವರು ಆ ವರ್ಷದ ಚಿತ್ರ ಪ್ರದರ್ಶನವನ್ನು ಈ ಪ್ರಶ್ನೆಯ ಮೇಲೆಯೇ ನಿಲ್ಲಿಸಿದರು. ಒಬ್ಬ ಮನುಷ್ಯನನ್ನು ಮುಖ ಬರೆಯದೆ ಚಿತ್ರಿಸಬೇಕು. ಕೆಳಗೆ ಖಾಲಿ ಚೀಟಿ. ನೋಡಿದವರಲ್ಲಿ ಒಬ್ಬರಾದರೂ ಅದು ಯಾರೆಂದು ಹೆಸರು ಹೇಳಿದರೆ ಮಾಸ್ಟ್ರು ಚೀಟಿಯಲ್ಲಿ ಬರೆಯುತ್ತಾರೆ. ಸಂಜೆಯೊಳಗೆ ಹೆಸರು ಸಿಗದ ಚಿತ್ರ ಗೋಡೆಯಿಂದ ಇಳಿಯುತ್ತದೆ.

ನಾನು ಅಜ್ಜನನ್ನು ಬರೆದೆ: ಜಗಲಿಯ ಬಲಗಡೆಯ ಕಂಬಕ್ಕೆ ಒರಗಿಸಿದ ಕೊಡೆ, ಎಲೆಯಡಿಕೆಯ ತಟ್ಟೆ, ಒಂದು ಜೊತೆ ಹಳೆಯ ಚಪ್ಪಲಿ. ನನ್ನ ಜಂಬಕ್ಕೆ ಮಿತಿ ಇರಲಿಲ್ಲ. "ನನ್ನದು ಇಳಿಯುವುದುಂಟಾ?" ಎಂದು ತರಗತಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ಬಂದವರೆಲ್ಲ "ಕೊಡೆ" ಎಂದರು. ಒಬ್ಬರು "ಚಪ್ಪಲಿ ಅಂಗಡಿ" ಎಂದರು. ಮಧ್ಯಾಹ್ನ ದಾಟಿದ ಮೇಲೆ ನನಗೆ ಅಳು ಬರುವುದೊಂದು ಬಾಕಿ.

ಸಂಜೆ ಅಜ್ಜಿ ಬಂದರು. ಚಿತ್ರ ಕಂಡದ್ದೇ ಸೆರಗು ಹೆಗಲ ಮೇಲೆಳೆದುಕೊಂಡು ಒಂದು ಹೆಜ್ಜೆ ಬದಿಗೆ ಸರಿದರು. ಅಜ್ಜ ಜಗಲಿಗೆ ಬಂದರೆ ಅಜ್ಜಿ ಮಾಡುವುದೂ ಅದನ್ನೇ. "ಇದು ಯಾರು, ಹೇಳಿ ತಾಯಿ," ಎಂದರು ಮಾಸ್ಟ್ರು. ಅಜ್ಜಿ ನನ್ನ ಕಿವಿಯಲ್ಲಿ ತುಳುವಿನಲ್ಲಿ, "ಕೊಡೆ ಬಲಗಡೆ ಯಾಕಿಟ್ಟದ್ದು? ಅವರದ್ದು ಎಡಗೈ ಅಲ್ಲವಾ?" ಎಂದು ಗದರಿದರು. ತುಳು ಬಾರದ ಮಾಸ್ಟ್ರು ಪಾಪ, ಅಜ್ಜಿಗೂ ಗೊತ್ತಾಗಲಿಲ್ಲವೆಂದು ಚಿತ್ರ ಇಳಿಸಲು ಕೈ ಎತ್ತಿದರು.

ನನಗೆ ಸಿಟ್ಟು ನೆತ್ತಿಗೇರಿತು. "ಗುರುತು ಸಿಕ್ಕಿದೆ ಮಾಸ್ಟ್ರೇ. ಗಂಡನ ಹೆಸರು ಅಜ್ಜಿ ಬಾಯಲ್ಲಿ ಹೇಳುವುದಿಲ್ಲ," ಎಂದೆ.

"ಮತ್ತೆ ಕರೆಯುವುದು ಹೇಗೆ?"

"ಕರೆಯುವುದಿಲ್ಲ. ಅಡಿಗೆಮನೆಯಲ್ಲಿ ಬಟ್ಟಲು ಸ್ವಲ್ಪ ಜೋರಾಗಿ ಇಡ್ತಾರೆ. ಅಜ್ಜ ಊಟಕ್ಕೆ ಬರ್ತಾರೆ."

ಮಾಸ್ಟ್ರು ಎತ್ತಿದ ಕೈ ಹಾಗೆಯೇ ಇಟ್ಟುಕೊಂಡು ನಗಲು ಶುರುಮಾಡಿದರು. ಆಮೇಲೆ ಚಿತ್ರವನ್ನು ಖಾಲಿ ಚೀಟಿಯ ಸಮೇತ ಬಾಗಿಲಿನ ಎದುರಿನ ಗೋಡೆಗೆ ತಾವೇ ತೂಗುಹಾಕಿದರು. ನನಗಾದ ಖುಷಿ ಅಷ್ಟಿಷ್ಟಲ್ಲ. ಅಜ್ಜಿಯ ಕೈ ಹಿಡಿದು ಮನೆಯವರೆಗೂ ಕುಣಿದುಕೊಂಡೇ ಹೋದೆ.

ಮರುದಿನ ಅಜ್ಜ ಅದೇ ಕೊಡೆ ಹಿಡಿದು ಬಂದರು. ಮಾಸ್ಟ್ರು ನಡೆದದ್ದನ್ನೆಲ್ಲ ಹೇಳಿ, "ನೀವೇ ಬರೆದುಬಿಡಿ," ಎಂದು ಪೆನ್ಸಿಲ್ ಕೊಟ್ಟರು. ಅಜ್ಜ ಎಡಗೈಯಲ್ಲಿ ಅದನ್ನು ಹಿಡಿದು ಚೀಟಿಯವರೆಗೆ ಹೋದರು. ಬರೆಯದೆ ಹಿಂದೆ ಕೊಟ್ಟರು.

"ಬೇಡ ಮಾಸ್ಟ್ರೇ. ಅವಳು ಇಷ್ಟು ವರ್ಷ ಜೋಪಾನ ಮಾಡಿದ್ದನ್ನು ನಾನು ಗೋಡೆಯಲ್ಲಿ ಬರೆಯುವುದು ಹೇಗೆ?"