ಕೆಂಪು ಚುಕ್ಕೆಯ ತಟ್ಟೆ

ಕೀಲಿಮಾಮನಿಗೆ ಮೂಗಿನ ತುದಿಯಲ್ಲೇ ಕೋಪ. ಕೀಲಿ ಕೊಟ್ಟು ಓಡಿಸುವ ಹಳೆಯ ಗ್ರಾಮಫೋನುಗಳನ್ನು ನಲವತ್ತು ವರ್ಷ ರಿಪೇರಿ ಮಾಡಿದ್ದರಿಂದ ಆ ಹೆಸರು ಬಂದಿತ್ತು. ಮುಟ್ಟಿದರೆ ಸಾಕು, ಬಿಗಿದ ಸ್ಪ್ರಿಂಗಿನ ಹಾಗೆ ಸಿಡಿಯುತ್ತಿದ್ದುದರಿಂದಲೂ ಇರಬಹುದು. ಆ ಕೋಪಕ್ಕೆ ಸೊಪ್ಪು ಹಾಕದೆ ಇದ್ದವಳು ಒಬ್ಬಳೇ, ಅವನ ಹೆಂಡತಿ. ಅವಳು ಹೋಗಿ ನಾಲ್ಕು ತಿಂಗಳಾಗಿತ್ತು.

ಅಂದಿನಿಂದ ಅವನು ಒಂದು ಸ್ಕ್ರೂ ಕೂಡ ಮುಟ್ಟಿರಲಿಲ್ಲ. ದುಃಖವೊಂದೇ ಕಾರಣವಲ್ಲ. ಅವನ ಕಿವಿ ಹೋಗಿ ಎಂಟು ವರ್ಷವಾಗಿತ್ತು. ಎಡಗಿವಿಯ ಹತ್ತಿರ ಕೂಗಿದರೆ ಮಾತು ಗೊತ್ತಾಗುತ್ತಿತ್ತು, ಹಾಡು ಮಾತ್ರ ಬರೀ ಗುಂಯ್ ಎನ್ನುತ್ತಿತ್ತು. ಹಾಡು ಕೇಳಿಸದವನು ಹಾಡುವ ಯಂತ್ರವನ್ನು ಸರಿಮಾಡುತ್ತಿದ್ದುದು ಹೆಂಡತಿಯ ಕಿವಿಯಿಂದ. ಬೆಂಚಿನ ಆಚೆ ಬದಿಗೆ ಸ್ಟೂಲು ಹಾಕಿಕೊಂಡು ಅವಳು ಕೂರುತ್ತಿದ್ದಳು. ಇವನು ಕೀಲಿ ಕೊಟ್ಟು, ಪರೀಕ್ಷೆಗೆಂದೇ ಇಟ್ಟುಕೊಂಡಿದ್ದ ಹಾಡಿನ ತಟ್ಟೆಯ ಮೇಲೆ ಸೂಜಿ ಇಳಿಸಿ, "ಹೇಗಿದೆ?" ಅನ್ನುತ್ತಿದ್ದ.

"ಎಳೀತಾ ಇದೆ. ಹಾಡೋನಿಗೆ ನಿದ್ದೆ ಬಂದಿದೆ." ಅವಳು ಬೆಂಚಿನ ಮೇಲೆ ಬಾಗಿ ಅವನ ಎಡಗಿವಿಗೆ ಕೂಗುತ್ತಿದ್ದಳು.

ಇವನು ವೇಗದ ಸ್ಕ್ರೂ ತಿರುಗಿಸುತ್ತಿದ್ದ.

"ಈಗ ಬಸ್ಸು ತಪ್ಪಿಹೋಗತ್ತೆ ಅನ್ನೋ ಥರ ಓಡ್ತಿದ್ದಾನೆ."

ಒಂಚೂರು ಹಿಂದಕ್ಕೆ.

"ಹಾಂ, ಈಗ ಸರಿ. ಎಷ್ಟು ಚೆನ್ನಾಗಿ ಹಾಡ್ತಾನಪ್ಪ!"

ಅವಳು ಹಾಗೆಂದ ಮೇಲೆಯೇ ಯಂತ್ರ ಮನೆಯ ಹೊಸಿಲು ದಾಟುತ್ತಿತ್ತು.

ಒಂದು ಬೆಳಿಗ್ಗೆ ಪಕ್ಕದ ಬೀದಿಯ ಟೈಲರ್ ತನ್ನ ಗ್ರಾಮಫೋನನ್ನು ಹೊತ್ತು ತಂದ. ಹೋದ ವರ್ಷ ಇದೇ ಬೆಂಚಿನ ಮೇಲೆ ರಿಪೇರಿಯಾದದ್ದು.

"ಹಾಡು ಮುಗಿಯೋ ಹೊತ್ತಿಗೆ ನರಳೋಕೆ ಶುರು ಮಾಡತ್ತೆ, ಮಾಮ," ಎಂದು ಎಡಗಿವಿಗೆ ಕೂಗಿದ. "ರಿಪೇರಿಯಾದ ದಿನದಿಂದಾನೂ ಹಾಗೇ. ಮಧ್ಯೆ ಮಧ್ಯೆ ಕೀಲಿ ಕೊಟ್ಕೊಂಡು ಹೇಗೋ ಸುಧಾರಿಸ್ದೆ. ಈಗ ನಿಂತೇ ಹೋಗತ್ತೆ."

ಕೀಲಿಮಾಮನ ಪಿತ್ತ ನೆತ್ತಿಗೇರಿತು. "ನನ್ನ ಹೆಂಡ್ತಿ ಕೂತು ಕೇಳಿ ಪಾಸು ಮಾಡಿದ್ದು ಅದು! ಅವಳ ಕಿವಿ ತಪ್ಪು ಅಂತೀಯಾ? ಸತ್ತೋಳ ಮೇಲೆ ಸುಳ್ಳು ಹೇಳೋಕೆ ನಾಚಿಕೆ ಆಗಲ್ವ?"

ಟೈಲರ್ ಕೊರಳಲ್ಲಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತ ನಿಂತ. ಹೇಳಬಾರದೆಂದೇ ಬಂದಿದ್ದ, ಆದರೆ ಸುಳ್ಳುಗಾರ ಅನ್ನಿಸಿಕೊಂಡು ಸುಮ್ಮನಿರಲಾಗಲಿಲ್ಲ. "ಅತ್ತೆಗೆ ಕೇಳಿಸ್ತಿರಲಿಲ್ಲ ಮಾಮ," ಎಂದ. ಅದು ಮಾಮನಿಗೆ ಕೇಳಿಸಲಿಲ್ಲ. ಗುಟ್ಟನ್ನೂ ಕೂಗಿ ಹೇಳಬೇಕಾದ ಗತಿ. ಬೀದಿಯಲ್ಲಿ ಹೋಗುವವರು ತಿರುಗಿ ನೋಡಿದರು. "ಎರಡು ವರ್ಷದಿಂದ ಅವರಿಗೆ ಏನೂ ಕೇಳಿಸ್ತಿರಲಿಲ್ಲ! ಹೋದ ವರ್ಷಾನೇ ಬಂದಿದ್ದೆ. ಬಾಗಿಲಲ್ಲೇ ತಡೆದು, ಚೀಟೀಲಿ ಬರ್ದುಕೊಡು ಅಂದ್ರು. ಓದಿ ಕೈ ಮುಗಿದ್ರು. ನನ್ನ ಕಿವೀನೂ ಹೋಯ್ತು ಅಂತ ಗೊತ್ತಾದ್ರೆ ಅವರು ಕೆಲಸ ಬಿಟ್ಟುಬಿಡ್ತಾರೆ, ಕೆಲಸ ಬಿಟ್ರೆ ಬದುಕಲ್ಲ, ಹೇಳ್ಬೇಡಪ್ಪ ಅಂದ್ರು."

"ಹೊರಗೆ ನಡಿ," ಅಂದ ಕೀಲಿಮಾಮ. ಟೈಲರ್ ಯಂತ್ರವನ್ನು ಅಲ್ಲೇ ಬಿಟ್ಟು ಹೋದ.

ಶುದ್ಧ ಸುಳ್ಳು. ಕೇಳಿಸದಿದ್ದರೆ ಎಳೆಯುತ್ತಿದೆ, ಓಡುತ್ತಿದೆ ಎಂದು ಹೇಗೆ ಹೇಳುತ್ತಿದ್ದಳು? ಹಾಗಂದುಕೊಳ್ಳುತ್ತಿರುವಾಗಲೇ ಒಂದೊಂದೇ ನೆನಪಿಗೆ ಬಂತು. ಮುಖ ನೋಡಿಕೊಂಡೇ ಮಾತಾಡಿ ಎಂದು ಅವಳು ಹಟ ಹಿಡಿದಿದ್ದಳು. ಈ ವಯಸ್ಸಲ್ಲಿ ಇವಳಿಗೆ ನನ್ನ ಮುಖ ನೋಡೋ ಆಸೆ ಎಂದು ಅವನು ರೇಗಿಸಿದ್ದ. ಮಲಗುವ ಕೋಣೆಯ ಗಡಿಯಾರವನ್ನು ತಂದು, ಬೆಂಚಿನ ಹಿಂದಿನ ಗೋಡೆಗೆ, ಸರಿಯಾಗಿ ಅವನ ತಲೆಯ ಮೇಲೆ ಮೊಳೆ ಹೊಡೆಸಿದ್ದಳು. ಪರೀಕ್ಷೆಯ ತಟ್ಟೆಯ ಲೇಬಲ್ಲಿಗೆ ಉಗುರುಬಣ್ಣದ ಕೆಂಪು ಚುಕ್ಕೆ ಇಟ್ಟಿದ್ದಳು. ಯಾಕೆಂದು ಕೇಳಿದರೆ, "ಬೇರೆ ತಟ್ಟೆ ಜೊತೆ ಸೇರಿಹೋಗ್ಬಾರದಲ್ಲ" ಎಂದಿದ್ದಳು.

ಅವನು ತಟ್ಟೆಯನ್ನು ತೆಗೆದು ಚುಕ್ಕೆಯ ಮೇಲೆ ಬೆರಳಿಟ್ಟ. ತಟ್ಟೆ ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗಬೇಕು. ಮದುವೆಯಾದ ಹೊಸದರಲ್ಲಿ ಅವನೇ ಅವಳಿಗೆ ಹೇಳಿಕೊಟ್ಟ ಲೆಕ್ಕ. ಅವಳು ಗಡಿಯಾರ ನೋಡಿಕೊಂಡು ಚುಕ್ಕೆ ಎಣಿಸುತ್ತಿದ್ದಳು. ಕಡಿಮೆಯಾದರೆ ನಿದ್ದೆ, ಹೆಚ್ಚಾದರೆ ಬಸ್ಸು. ಹಾಡು ಮೂರು ನಿಮಿಷದ್ದು, ಅವಳು ಎಣಿಸಿದ್ದು ಮೊದಲನೆಯ ನಿಮಿಷ ಮಾತ್ರ. ಅಷ್ಟೇ ಅವಳ ತಪ್ಪು.

ಅಂದರೆ ಎರಡು ವರ್ಷ ಈ ಕೋಣೆಯಲ್ಲಿ ಆ ಹಾಡು ಯಾರಿಗೂ ಕೇಳಿಸಿರಲಿಲ್ಲ. ಇಬ್ಬರು ಕಿವುಡರು ಎದುರುಬದುರು ಕೂತು, ಒಬ್ಬಳು ಎಷ್ಟು ಚೆನ್ನಾಗಿ ಹಾಡ್ತಾನಪ್ಪ ಅಂದರೆ ಇನ್ನೊಬ್ಬ ಹೆಮ್ಮೆಯಿಂದ ತಲೆಯಾಡಿಸಿದ್ದ. ಅವನಾದರೂ ತನ್ನ ಕಿವಿಯ ಗೋಳನ್ನು ದಿನಾ ಅವಳ ಮುಂದೆ ತೋಡಿಕೊಂಡಿದ್ದ. ಅವಳು ತನ್ನದನ್ನು ಅವನ ಮುಂದೆ ಒಮ್ಮೆಯೂ ಹೇಳಿಕೊಳ್ಳದೆ ನುಂಗಿಕೊಂಡು ಹೋಗಿಬಿಟ್ಟಳು. ಕೀಲಿಮಾಮ, "ನನಗೆ ಹೇಳ್ಬಾರದಿತ್ತೇನೇ?" ಎಂದು ಖಾಲಿ ಸ್ಟೂಲನ್ನು ಕೇಳಿದ.

ಅಳುತ್ತಲೇ ಸ್ಕ್ರೂಡ್ರೈವರ್ ಎತ್ತಿಕೊಂಡ. ಅವಳು ಪಾಸು ಮಾಡಿದ ಯಂತ್ರ ನರಳಬಾರದು, ಅಷ್ಟೇ. ಸ್ಪ್ರಿಂಗಿನ ಡಬ್ಬಿ ಬಿಚ್ಚಿ ನೋಡಿದರೆ ಒಳಗೆ ಗ್ರೀಸು ಒಣಗಿ ಅಂಟಾಗಿ, ಸುರುಳಿಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಹೋದ ವರ್ಷವೇ ತೊಳೆಯಬೇಕಿತ್ತು. ಯಾರು ಬಿಚ್ಚುತ್ತಾರೆ ಎಂದು ಸೋಮಾರಿತನ ಮಾಡಿ ಡಬ್ಬಿ ತೆರೆಯದೆಯೇ ಮುಗಿಸಿದ್ದವನು ಅವನೇ. ಅವಳ ತಪ್ಪು ಅನ್ನುವುದಕ್ಕೆ ಅಲ್ಲಿ ಏನೂ ಉಳಿಯಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸು ಸವರಿ, ಸುರುಳಿಯನ್ನು ಒಳಕ್ಕೆ ಕೂರಿಸುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು, ಹೆಬ್ಬೆರಳು ಕುಯ್ದು ರಕ್ತ ಬಂದಿತ್ತು.

ಕೀಲಿ ಕೊಟ್ಟ. ಸೂಜಿ ಇಟ್ಟ. ಎಣಿಸಬೇಕೆಂದರೆ ಗಡಿಯಾರ ಕಾಣಬೇಕು, ಗಡಿಯಾರ ಕಾಣುವುದು ಅವಳ ಸ್ಟೂಲಿನಿಂದ. ಹೋಗಿ ಕೂತ. ಕೆಳಗೆ ಚುಕ್ಕೆ, ಮೇಲೆ ಗಡಿಯಾರ, ನಡುವೆ ಅವನದೇ ಖಾಲಿ ಕುರ್ಚಿ. ಮೊದಲನೆಯ ನಿಮಿಷ ಎಪ್ಪತ್ತೆಂಟು. ಎರಡನೆಯದೂ ಎಪ್ಪತ್ತೆಂಟು. ಮೂರನೆಯದರಲ್ಲಿ ಮೂವತ್ತೊಂದಕ್ಕೆ ಬರುವಾಗ ಕಣ್ಣು ಮಂಜಾಗಿ ಚುಕ್ಕೆ ಕಾಣದೆ ಲೆಕ್ಕ ತಪ್ಪಿತು.

ಅವಳು ಒಮ್ಮೆಯೂ ಲೆಕ್ಕ ತಪ್ಪಿರಲಿಲ್ಲ. ಎಣಿಸುತ್ತಲೇ ನಕ್ಕಿದ್ದಳು, ಎಣಿಸುತ್ತಲೇ ಅವನ ತುಟಿ ಓದಿದ್ದಳು. ಅವನು ಕಣ್ಣೊರೆಸಿಕೊಂಡು ಮತ್ತೆ ಕೀಲಿ ಕೊಟ್ಟ, ಮತ್ತೆ ಬಂದು ಕೂತು ಒಂದರಿಂದ ಶುರುಮಾಡಿದ. ಈ ಸಲ ಮೂರನೆಯ ನಿಮಿಷವೂ ಎಪ್ಪತ್ತೆಂಟೇ ಬಂತು.

"ಹಾಂ, ಈಗ ಸರಿ," ಎಂದು ಎದುರಿನ ಖಾಲಿ ಕುರ್ಚಿಗೆ ಹೇಳಿದ. "ಎಷ್ಟು ಚೆನ್ನಾಗಿ ಹಾಡ್ತಾನಪ್ಪ."